ತಲೆ ಯಾರದು, ಹೊಣೆ ಯಾರದು?

1

2002ರ ನವೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್ ಸೀಮೆಯ ಮರಣ ವಿಚಾರಣಾಧಿಕಾರಿಯೊಬ್ಬರು ನೀಡಿದ ತೀರ್ಪೊಂದು, ಫುಟ್‌ಬಾಲ್ ಆಟವನ್ನು ಕುರಿತು ಪತ್ರಿಕೆಗಳು ಇದುವರೆಗೆ ಬರೆದಿರುವ ಎಲ್ಲ ವರದಿಗಳಿಗಿಂತಲೂ ಮಹತ್ವದ್ದೆಂದು ನಾನು ತಿಳಿದಿದ್ದೇನೆ. ಅದೇ ವರ್ಷದ ಜನವರಿಯಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ, ಮರೆಗುಳಿ ರೋಗದಿಂದ ಜರ್ಝರಿತರಾಗಿ ತೀರಿಕೊಂಡ ಜೆಫ್ ಆಸ್ಟಲ್ ಎಂಬ ಆಟಗಾರರ ಸಾವಿಗೆ ಕಾರಣ 'ವೃತ್ತಿರೋಗ' ಎಂಬುದೇ ಆ ತೀರ್ಪು. ಆಸ್ಟಲ್ ಸಾಮಾನ್ಯ ಆಟಗಾರರಲ್ಲ. ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡಕ್ಕಾಗಿ 174 ಗೋಲುಗಳನ್ನು ಹೊಡೆದವರು, 1968ರ ಎಫ್.ಎ. ಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ತಂದವರು. 1970ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಪರವಾಗಿ ಕಣಕ್ಕಿಳಿದವರು. ಗಾಳಿಯಲ್ಲಿ ತೇಲಿ ಬರುವ ಚೆಂಡನ್ನು ಹಣೆಯಿಂದ ಗುರಿಮುಟ್ಟಿಸುವ ವಿದ್ಯೆಯಲ್ಲಿ ಅವರ ಕಾಲಕ್ಕೆ ಅವರೇ ಹೆಸರಾಗಿದ್ದರು. ಕೊನೆಕೊನೆಗೆ, ತಾವು ಒಂದು ಕಾಲಕ್ಕೆ ಫುಟ್‌ಬಾಲ್ ಆಡಿದ್ದೆವೆಂಬುದೇ ಅವರಿಗೆ ನೆನಪಿರಲಿಲ್ಲವೆಂದು ಮನೆಯವರು ಹೇಳಿದ್ದಾರೆ.

'ವೃತ್ತಿರೋಗ' ಎಂಬ ಈ ಶಬ್ದ ನನಗೆ ಹೊಸದಲ್ಲ. ಕೇಂದ್ರ ಸರ್ಕಾರದ ಸೇವೆಯಲ್ಲಿ ನಾನು ಕಳೆದ ವರ್ಷಗಳಲ್ಲಿ ಬಹುಪಾಲು ಕಾರ್ಮಿಕ ಪರಿಹಾರಕ್ಕೆ ಸಂಬಂಧಿಸಿದ ಕಡತಗಳ ನಡುವೆಯೇ ಸಂದಿವೆ. ಸೀಸದ ಕಾರ್ಖಾನೆಯಲ್ಲಿ ದುಡಿದವನ ರಕ್ತ, ಕಲ್ನಾರಿನ ಘಟಕದಲ್ಲಿ ದುಡಿದವನ ಶ್ವಾಸಕೋಶ, ಯಂತ್ರದ ಸದ್ದಿನ ನಡುವೆ ಮೂವತ್ತು ವರ್ಷ ನಿಂತವನ ಕಿವಿ, ಇವೆಲ್ಲ ಕಾಗದದ ಮೇಲೆ ಶೇಕಡಾವಾರು ಅಂಕಿಗಳಾಗಿ ನನ್ನ ಮೇಜಿಗೆ ಬಂದು ಹೋಗಿವೆ. ಆದ್ದರಿಂದ ಮೈದಾನದ ಆಟವೊಂದಕ್ಕೆ ಆ ಶಬ್ದವನ್ನು ಹಚ್ಚಿದ ತೀರ್ಪನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು: ಒಂದು ಕಾಯಿಲೆಯನ್ನು ವೃತ್ತಿರೋಗವೆಂದು ಕರೆದ ಕ್ಷಣದಲ್ಲಿಯೇ, ಆ ವೃತ್ತಿಗೊಬ್ಬ ಮಾಲೀಕನಿದ್ದಾನೆಂದೂ ಅವನಿಗೊಂದು ಹೊಣೆಯಿದೆಯೆಂದೂ ಒಪ್ಪಿಕೊಂಡಂತಾಯಿತು. ಇದನ್ನು ಒಪ್ಪಿಕೊಳ್ಳಲು ಫುಟ್‌ಬಾಲ್ ಜಗತ್ತಿನ ದೊಡ್ಡಮನೆಗಳು ಇಂದಿಗೂ ಮೀನಮೇಷ ಎಣಿಸುತ್ತಿವೆ. ಈ ಲೇಖನದ ತಕರಾರು ಅದೇ.

2

ಹೊಣೆಯ ಮಾತೆತ್ತಿದೊಡನೆ ಎದುರಾಗುವ ಮೊದಲ ವಾದ ನಮಗೆಲ್ಲ ಚಿರಪರಿಚಿತ. "ಆಡಲು ಯಾರೂ ಬಲವಂತ ಮಾಡಲಿಲ್ಲ. ಅಪಾಯ ಗೊತ್ತಿದ್ದೇ ಇಳಿದ. ಹೆಸರು, ಹಣ ಎರಡನ್ನೂ ಗಳಿಸಿದ. ಈಗ ಅತ್ತರೆ ಹೇಗೆ?" ಕ್ಲಬ್ಬಿನ ಹಜಾರಗಳಲ್ಲಿ, ಕಛೇರಿಯ ಊಟದ ವಿರಾಮದಲ್ಲಿ, ವಿದ್ಯಾವಂತರ ಬಾಯಲ್ಲಿಯೇ ನಾನಿದನ್ನು ಅನೇಕ ಸಲ ಕೇಳಿದ್ದೇನೆ. ಹೇಳುವವರಿಗೆ ಇದು ಬಹಳ ಪೌರುಷದ ಮಾತಾಗಿ ಕೇಳಿಸುತ್ತದೆ. ವಾಸ್ತವದಲ್ಲಿ ಇದು ಹತ್ತೊಂಬತ್ತನೆಯ ಶತಮಾನದ ಗಿರಣಿ ಮಾಲೀಕರ ವಾದ. ಕೆಲಸಕ್ಕೆ ಸೇರಿದವನು ಅದರ ಅಪಾಯವನ್ನೂ ಜೊತೆಯಲ್ಲಿಯೇ ಒಪ್ಪಿಕೊಂಡಿದ್ದಾನೆ, ಕೈ ಕತ್ತರಿಸಿದರೆ ಅದು ಅವನ ಹಣೆಬರಹ ಎಂದು ಆ ಕಾಲದ ವಕೀಲರು ನ್ಯಾಯಾಲಯಗಳಲ್ಲಿ ವಾದಿಸಿ ಗೆಲ್ಲುತ್ತಿದ್ದರು.

ನಮ್ಮ ದೇಶದಲ್ಲಿ, ಸ್ವಾತಂತ್ರ್ಯ ಬರುವುದಕ್ಕೂ ಮೊದಲೇ, ಈ ವಾದದ ಕೊರಳಿಗೆ ಕಾನೂನು ಕೈ ಹಾಕಿತ್ತು. 1938ರ ಮಾಲೀಕರ ಹೊಣೆಗಾರಿಕೆ ಕಾಯಿದೆಯಲ್ಲಿ ಒಂದು ಪುಟ್ಟ ಕಲಮಿತ್ತು. ಕೆಲಸದ ಅಪಾಯವನ್ನು ಕಾರ್ಮಿಕನಿಗೆ ಪೂರ್ಣವಾಗಿ ವಿವರಿಸಲಾಗಿತ್ತು, ಅವನದನ್ನು ಅರ್ಥಮಾಡಿಕೊಂಡಿದ್ದ, ಆಮೇಲೆ ಸ್ವಇಚ್ಛೆಯಿಂದ ಒಪ್ಪಿಕೊಂಡ ಎಂದು ಮಾಲೀಕನೇ ರುಜುವಾತು ಮಾಡದ ಹೊರತು, ಆ ಅಪಾಯವನ್ನು ಕಾರ್ಮಿಕ ಮೈಮೇಲೆ ಎಳೆದುಕೊಂಡನೆಂದು ಭಾವಿಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಎಷ್ಟು ಸರಳ, ಎಷ್ಟು ನ್ಯಾಯಸಮ್ಮತ! ರುಜುವಾತಿನ ಭಾರವನ್ನು ಗಾಯಗೊಂಡವನ ಹೆಗಲಿನಿಂದ ಇಳಿಸಿ, ಲಾಭ ಪಡೆದವನ ಹೆಗಲಿಗೆ ಏರಿಸಿದ್ದು ಆ ಕಲಮು.

ಆ ಕಲಮಿನ ಅಳತೆಗೋಲಿನಿಂದ ಆಸ್ಟಲ್ ಅವರ ಪ್ರಕರಣವನ್ನು ನೋಡೋಣ. 1960ರ ದಶಕದಲ್ಲಿ ಅವರ ಕ್ಲಬ್ಬಾಗಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾಗಲಿ ಅವರನ್ನು ಕೂರಿಸಿಕೊಂಡು, ತಲೆಯಿಂದ ಸಾವಿರಾರು ಸಲ ಚೆಂಡು ಹೊಡೆದರೆ ಐವತ್ತರ ವಯಸ್ಸಿನಲ್ಲಿ ಮಕ್ಕಳ ಹೆಸರು ಮರೆತುಹೋಗಬಹುದು ಎಂದು ವಿವರಿಸಿತೇ? ತರಬೇತುದಾರರು ಹೇಳಿಕೊಟ್ಟದ್ದು ಹೇಗೆ ಹೊಡೆಯಬೇಕೆಂಬುದನ್ನು. ಹೊಡೆದರೆ ಏನಾಗುತ್ತದೆಂಬುದನ್ನು ಯಾರೂ ಹೇಳಲಿಲ್ಲ. ಕಾಲು ಮುರಿಯಬಹುದೆಂದು ಆಟಗಾರನಿಗೆ ಗೊತ್ತಿರುತ್ತದೆ. ಆ ಅಪಾಯವನ್ನು ಅವನು ಒಪ್ಪಿಕೊಂಡೇ ಇಳಿಯುತ್ತಾನೆ. ನಿವೃತ್ತನಾಗಿ ಇಪ್ಪತ್ತು ವರ್ಷಗಳಾದ ಮೇಲೆ ಬುದ್ಧಿಯೇ ಕರಗಿಹೋಗುವುದೆಂಬುದನ್ನು ಯಾವ ಹುಡುಗ ಒಪ್ಪಿಕೊಂಡು ಬೂಟು ಕಟ್ಟುತ್ತಾನೆ? ಗೊತ್ತಿಲ್ಲದ ಅಪಾಯಕ್ಕೆ ಸಮ್ಮತಿಯೆಂಬುದಿಲ್ಲ. ಇದು ನ್ಯಾಯಶಾಸ್ತ್ರದ ಸೂಕ್ಷ್ಮವೇನೂ ಅಲ್ಲ, ಲೋಕರೂಢಿಯ ಮಾತು.

ಕೋಲಾರದ ಚಿನ್ನದ ಗಣಿಗಳ ನೆನಪು ಇಲ್ಲಿ ಬಾರದೆ ಇರದು. ಅಲ್ಲಿ ಪಾತಾಳದಲ್ಲಿ ಕಲ್ಲು ಕೊರೆದವರ ಎದೆಯೊಳಗೆ ಸೇರಿದ ಧೂಳು ಮೊದಲ ದಿನವೇ ಕೆಮ್ಮಿಸಲಿಲ್ಲ. ವರ್ಷಗಳು ಉರುಳಿದ ಮೇಲೆ ಸಿಲಿಕೋಸಿಸ್ ಎಂಬ ಹೆಸರಿನಲ್ಲಿ ಉಸಿರು ಕಟ್ಟಿಸಿತು. ಧೂಳಿನ ಕಣ ಒಂದೊಂದೂ ನಿರುಪದ್ರವಿ, ಒಟ್ಟಾದಾಗ ಕಾಲಯಮ. ತಲೆಗೆ ಬೀಳುವ ಪೆಟ್ಟಿನ ಲೆಕ್ಕವೂ ಇದೇ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮಿದುಳು ಪ್ರತಿ ಹೊಡೆತಕ್ಕೂ ಅಲುಗುತ್ತದೆ, ಅದರ ಎಳೆಗಳು ಹಿಗ್ಗುತ್ತವೆ. ಪ್ರಜ್ಞೆ ತಪ್ಪಬೇಕಾಗಿಲ್ಲ, ತಲೆ ಸುತ್ತಬೇಕಾಗಿಯೂ ಇಲ್ಲ. ಇಂಥ ಸಣ್ಣಪುಟ್ಟ ಅಲುಗಾಟಗಳು ವರ್ಷಾನುಗಟ್ಟಲೆ ಕೂಡಿದಾಗ ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ, ಟೌ ಎಂಬ ಪ್ರೋಟೀನು ಗಂಟುಕಟ್ಟಿಕೊಳ್ಳುತ್ತದೆ. ವೈದ್ಯರು ಇದಕ್ಕೆ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ ಎಂಬ ಉದ್ದನೆಯ ಹೆಸರಿಟ್ಟು, ಸಂಕ್ಷೇಪವಾಗಿ ಸಿ.ಟಿ.ಇ. ಎನ್ನುತ್ತಾರೆ. ಮುಷ್ಟಿಕಾಳಗದವರಲ್ಲಿ ಇಂಥದೊಂದು ರೋಗವಿದೆಯೆಂದು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲಿಯೇ ಬರೆದಿದ್ದರು. ಎಂದರೆ, ಪೆಟ್ಟು ತಿಂದ ಮಿದುಳು ಕೆಡುತ್ತದೆಂಬ ಜ್ಞಾನಕ್ಕೆ ಹತ್ತಿರಹತ್ತಿರ ಒಂದು ಶತಮಾನದ ವಯಸ್ಸಾಯಿತು.

3

ಎರಡನೆಯ ವಾದ ಇನ್ನೂ ನಾಜೂಕಾದದ್ದು: "ಸಂಪೂರ್ಣ ಸಾಕ್ಷ್ಯ ಇನ್ನೂ ಸಿಕ್ಕಿಲ್ಲ, ಇನ್ನಷ್ಟು ಸಂಶೋಧನೆ ನಡೆಯಲಿ." ಇದನ್ನು ಹೇಳುವವರು ವಿಜ್ಞಾನದ ವಕ್ತಾರರಂತೆ ತೋರುತ್ತಾರೆ. ಆದರೆ ಸಿ.ಟಿ.ಇ. ರೋಗವನ್ನು ಖಚಿತವಾಗಿ ಗುರುತಿಸಬಲ್ಲದ್ದು ಸತ್ತ ಮೇಲೆ ಮಿದುಳನ್ನು ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಮಾತ್ರ. ಹೀಗಿರುವಾಗ ಸಂಪೂರ್ಣ ಸಾಕ್ಷ್ಯ ಬೇಕೆನ್ನುವುದು, ನೀನು ಸತ್ತ ಮೇಲೆ ನಿನ್ನ ಅರ್ಜಿಯನ್ನು ಪರಿಶೀಲಿಸುತ್ತೇವೆ ಎಂದಂತಲ್ಲವೇ? ಸರ್ಕಾರಿ ಕಛೇರಿಗಳ ವಿಳಂಬಕ್ಕೆ ಹೆಸರಾದವರು ನಾವು. ನಮ್ಮ ಇಲಾಖೆಗಳೂ ಇಷ್ಟು ದೂರ ಹೋದದ್ದನ್ನು ನಾನು ಕಂಡಿಲ್ಲ.

ಆಸ್ಟಲ್ ತೀರ್ಪಿನ ಆಸುಪಾಸಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯೂ ಆಟಗಾರರ ಸಂಘವೂ ಸೇರಿ ಯುವ ಆಟಗಾರರ ಮೇಲೆ ಹತ್ತು ವರ್ಷಗಳ ಅಧ್ಯಯನವೊಂದನ್ನು ಕೈಗೊಂಡಿದ್ದವು. ಅದು ನಡುದಾರಿಯಲ್ಲಿಯೇ ಸೊರಗಿತು. ಫಲಿತಾಂಶ ಬೆಳಕು ಕಾಣಲಿಲ್ಲ. 2014ರಲ್ಲಿ ಗ್ಲಾಸ್ಗೋದ ನರರೋಗತಜ್ಞ ಡಾ. ವಿಲ್ಲಿ ಸ್ಟೂವರ್ಟ್ ಆಸ್ಟಲ್ ಅವರ ಮಿದುಳನ್ನು ಪುನಃ ಪರೀಕ್ಷಿಸಿ ಅದು ಸಿ.ಟಿ.ಇ. ಎಂದು ಸಾರಿದರು. ಆಸ್ಟಲ್ ಅವರ ಮಗಳು ಡಾನ್ ಮತ್ತು ಕುಟುಂಬದವರು ಬೀದಿಗಿಳಿದು ಹೋರಾಡಿದ ಮೇಲೆ, ಆ ವರ್ಷ ಸಂಸ್ಥೆಯ ಅಧ್ಯಕ್ಷ ಗ್ರೆಗ್ ಡೈಕ್ ಕ್ಷಮೆ ಕೋರಿದರು. ನಿಜವಾದ ಅಧ್ಯಯನದ ವರದಿ ಬಂದದ್ದು 2019ರ ಅಕ್ಟೋಬರಿನಲ್ಲಿ. ತೀರ್ಪಿನಿಂದ ವರದಿಗೆ ಹದಿನೇಳು ವರ್ಷ.

ಆ ವರದಿ ಏನು ಹೇಳಿತು? ಸ್ಟೂವರ್ಟ್ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ಆರೋಗ್ಯ ದಾಖಲೆಗಳನ್ನು ಸುಮಾರು 23,000 ಸಾಮಾನ್ಯ ಜನರ ದಾಖಲೆಗಳೊಂದಿಗೆ ಹೋಲಿಸಿದರು. ನರಕ್ಷಯದ ಕಾಯಿಲೆಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚು. ಅಲ್‌ಜೈಮರ್ ರೋಗದ ವಿಷಯದಲ್ಲಿ ಸುಮಾರು ಐದು ಪಟ್ಟು. ಅದೇ ಅಧ್ಯಯನ, ಹೃದ್ರೋಗದಿಂದಲೂ ಶ್ವಾಸಕೋಶದ ಕ್ಯಾನ್ಸರಿನಿಂದಲೂ ಸಾಯುವವರು ಆಟಗಾರರಲ್ಲಿ ಕಡಿಮೆಯೆಂದೂ ಹೇಳಿದೆ. ಇದನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ. ಆಟ ಮೈಗೆ ಒಳ್ಳೆಯದು. ಈ ಮಾತಿನಲ್ಲಿ ನನಗೆ ಸಂದೇಹವಿಲ್ಲ. ಹೃದಯವನ್ನು ಗಟ್ಟಿಮಾಡುವ ಆಟ ತಲೆಯನ್ನು ಏಕೆ ಕೆಡಿಸಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

2021ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಚೆಂಡಿಗೆ ತಲೆ ಕೊಡುವುದು ಅಪರೂಪವಾಗಿರುವ ಗೋಲ್‌ಕೀಪರುಗಳಲ್ಲಿ ಅಪಾಯ ಸಾಮಾನ್ಯ ಜನರಷ್ಟೇ. ದಿನವೂ ತಲೆ ಕೊಡುವ ರಕ್ಷಣಾ ಆಟಗಾರರಲ್ಲಿ ಸುಮಾರು ಐದು ಪಟ್ಟು. ಹದಿನೈದು ವರ್ಷಕ್ಕೂ ಹೆಚ್ಚು ಆಡಿದವರಲ್ಲಿ ಅಪಾಯ ಇನ್ನೂ ಎದ್ದು ಕಾಣುತ್ತದೆ. ಒಂದೇ ಮೈದಾನ, ಒಂದೇ ಹವೆ, ಒಂದೇ ಊಟ, ಒಂದೇ ಬಸ್ಸು. ಬೇರೆಯಾದದ್ದು ತಲೆಯ ಕೆಲಸವೊಂದೇ. "ಅದು ಹಳೆಯ ಕಾಲದ ಚರ್ಮದ ಚೆಂಡಿನ ದೋಷ, ಮಳೆಯಲ್ಲಿ ನೆಂದು ಕಲ್ಲಾಗುತ್ತಿತ್ತು, ಈಗಿನ ಚೆಂಡು ಹಗುರ" ಎಂದು ಸಮಾಧಾನ ಹೇಳುವವರಿಗೂ ಉತ್ತರ ಅಲ್ಲಿಯೇ ಇದೆ: ಆಟಗಾರ ಯಾವ ದಶಕದಲ್ಲಿ ಹುಟ್ಟಿದವನಾದರೂ ಅಪಾಯದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಹಾಗೆ ನೋಡಿದರೆ, ಒಣಗಿದ ಚೆಂಡಿನ ತೂಕ ಅಂದೂ ಇಂದೂ ಒಂದೇ, 410ರಿಂದ 450 ಗ್ರಾಂ. ನೀರು ಕುಡಿಯದ ಇಂದಿನ ಚೆಂಡು ಇನ್ನಷ್ಟು ವೇಗವಾಗಿ ಬರುತ್ತದೆ.

1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡಿನ ಹನ್ನೊಂದು ಮಂದಿಯಲ್ಲಿ ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಜಾಕ್ ಚಾರ್ಲ್ಟನ್, ಬಾಬಿ ಚಾರ್ಲ್ಟನ್ ಈ ಐವರೂ ಮರೆಗುಳಿ ರೋಗಕ್ಕೆ ತುತ್ತಾದವರು. ಸ್ಟೈಲ್ಸ್ 2010ರಲ್ಲಿ ತಮ್ಮ ಪದಕಗಳನ್ನು ಹರಾಜಿಗೆ ಇಟ್ಟರು. ದೇಶಕ್ಕೆ ದೇಶವೇ ಹೆಗಲ ಮೇಲೆ ಹೊತ್ತು ಮೆರೆಸಿದ ಮನುಷ್ಯ ಮನೆಯವರ ಭವಿಷ್ಯಕ್ಕಾಗಿ ಪದಕ ಮಾರಬೇಕಾದ ಸ್ಥಿತಿಯನ್ನು ಯಾವ ವಾಕ್ಚಾತುರ್ಯವೂ ಮುಚ್ಚಲಾರದು. ಇತ್ತ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2025ರಿಂದ ನಾಲ್ಕು ಋತುಗಳ ಸ್ವದೇಶಿ ದೂರದರ್ಶನ ಹಕ್ಕುಗಳನ್ನೇ 670 ಕೋಟಿ ಪೌಂಡುಗಳಿಗೆ ಮಾರಿಕೊಂಡಿದೆ. ಮಾಜಿ ಆಟಗಾರರ ಮಿದುಳಿನ ರೋಗಕ್ಕಾಗಿ 2023ರಲ್ಲಿ ಸ್ಥಾಪಿಸಿದ ನಿಧಿಗೆ ಅದು ಆರಂಭದಲ್ಲಿ ಕೊಟ್ಟದ್ದು 10 ಲಕ್ಷ ಪೌಂಡು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!

4

ಅಟ್ಲಾಂಟಿಕ್‌ನ ಆಚೆಗೆ ನಡೆದ ಕಥೆ ಇದಕ್ಕಿಂತ ಕಠೋರ. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟ ಬೇರೆ. ಅಲ್ಲಿ ಚೆಂಡಿಗಿಂತ ಮನುಷ್ಯರೇ ಹೆಚ್ಚು ಢಿಕ್ಕಿ ಹೊಡೆಯುತ್ತಾರೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮಹಾರಥಿ ಮೈಕ್ ವೆಬ್‌ಸ್ಟರ್ 2002ರಲ್ಲಿ, ಕೇವಲ 50ರ ವಯಸ್ಸಿನಲ್ಲಿ, ದಿಕ್ಕೆಟ್ಟು ಸತ್ತರು. ಅವರ ಮಿದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು 2005ರಲ್ಲಿ ತಮ್ಮ ಶೋಧನೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವೃತ್ತಿಪರ ಲೀಗ್ 1994ರಲ್ಲಿಯೇ ತಲೆಪೆಟ್ಟಿನ ಬಗ್ಗೆ ಒಂದು ಸಮಿತಿಯನ್ನು ರಚಿಸಿತ್ತು. ಅದರ ಅಧ್ಯಕ್ಷ ಪೀಠದಲ್ಲಿ ಕೂತಿದ್ದವರು ನರರೋಗತಜ್ಞರಲ್ಲ, ಸಂಧಿವಾತದ ವೈದ್ಯರು. ಈ ಸಮಿತಿಯ ಸದಸ್ಯರು ಒಮಾಲು ಅವರ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆದರು.

ಕಡತಗಳನ್ನು ಓದಿ ಅಭ್ಯಾಸವಿರುವ ನನ್ನಂಥವನನ್ನು ಬೆಚ್ಚಿಬೀಳಿಸುವ ಸಂಗತಿ ಇನ್ನೊಂದಿದೆ. ಆಟಗಾರನಾಗಿ ತಲೆಗೆ ಬಿದ್ದ ಪೆಟ್ಟುಗಳಿಂದಲೇ ವೆಬ್‌ಸ್ಟರ್ ಶಾಶ್ವತವಾಗಿ ಅಶಕ್ತರಾಗಿದ್ದಾರೆಂದು ಅದೇ ಲೀಗಿನ ನಿವೃತ್ತಿ ಮಂಡಳಿ 1999ರಲ್ಲಿಯೇ ಒಪ್ಪಿಕೊಂಡಿತ್ತು. ಪಿಂಚಣಿಯ ಕಡತ ಹೌದೆನ್ನುತ್ತದೆ, ವೈದ್ಯರ ಸಮಿತಿ ಇಲ್ಲವೆನ್ನುತ್ತದೆ! ಒಂದು ಕೈ ಬರೆದದ್ದು ಇನ್ನೊಂದು ಕೈಗೆ ತಿಳಿಯದಷ್ಟು ಅಮಾಯಕರೇ ಇವರು? 4,500ಕ್ಕೂ ಹೆಚ್ಚು ಮಾಜಿ ಆಟಗಾರರು ನ್ಯಾಯಾಲಯದ ಬಾಗಿಲು ಬಡಿದ ಮೇಲೆ, 2013ರಲ್ಲಿ 76.5 ಕೋಟಿ ಡಾಲರುಗಳ ರಾಜಿಗೆ ಲೀಗ್ ಮುಂದೆ ಬಂತು. ಆ ಮೊತ್ತ ಸಾಲದೆಂಬ ಅನುಮಾನದಿಂದ ನ್ಯಾಯಾಧೀಶೆ ಅನಿತಾ ಬ್ರಾಡಿ ಅದನ್ನು ತಿರಸ್ಕರಿಸಿ ಮಿತಿಯನ್ನೇ ತೆಗೆಸಿದರು. ಮುಂದೆ ಪಾವತಿಯಾದ ಹಣ 100 ಕೋಟಿ ಡಾಲರ್ ದಾಟಿತು. ಅದರಲ್ಲಿಯೂ ಒಂದು ಕುಟಿಲತೆ ನುಸುಳಿತ್ತು. ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿನಿಂದಲೂ ಕಡಿಮೆಯೆಂದು ಭಾವಿಸುವ ಸೂತ್ರವೊಂದನ್ನು ಪರಿಹಾರದ ಲೆಕ್ಕದಲ್ಲಿ ಬಳಸಿದ್ದರಿಂದ, ಅವರ ಬುದ್ಧಿ ಕುಂದಿದೆಯೆಂದು ಸಾಧಿಸುವುದೇ ಕಷ್ಟವಾಯಿತು. ಗಲಾಟೆಯೆದ್ದ ಮೇಲೆ, 2021ರಲ್ಲಿ, ಆ ಸೂತ್ರವನ್ನು ಕೈಬಿಡಲು ಒಪ್ಪಿದರು. ತಲೆಗೆ ಪೆಟ್ಟು ಬೀಳುವಾಗ ಇಲ್ಲದ ವರ್ಣಭೇದ ಪರಿಹಾರ ಕೊಡುವಾಗ ಎಲ್ಲಿಂದ ಬಂತು?

5

ಹಾಗಾದರೆ ಹೊಣೆ ಯಾರದು? "ಎಲ್ಲರದೂ" ಎಂಬುದು ಸಭ್ಯರ ಉತ್ತರ. ಆಟಗಾರ, ತಂದೆತಾಯಿ, ತರಬೇತುದಾರ, ವೈದ್ಯ, ಕ್ಲಬ್ಬು, ಸಂಸ್ಥೆ, ಟಿಕೆಟ್ ಕೊಂಡ ಪ್ರೇಕ್ಷಕ, ಎಲ್ಲರಿಗೂ ಒಂದೊಂದು ಚೂರು. ಈ ಔದಾರ್ಯವನ್ನು ನಾನು ಒಪ್ಪುವುದಿಲ್ಲ. ಹತ್ತು ಜನರಿಗೆ ಹಂಚಿದ ಹೊಣೆ ಕೊನೆಗೆ ಯಾರ ಮನೆಗೂ ತಲುಪುವುದಿಲ್ಲ. ಸಹಿಗಳು ಹೆಚ್ಚಿದಷ್ಟೂ ತೀರ್ಮಾನ ಮಾಡಿದವನು ಯಾರೆಂಬುದು ಮರೆಯಾಗುತ್ತದೆಂಬುದನ್ನು ಕಛೇರಿಯಲ್ಲಿ ಕೂತವರೆಲ್ಲ ಬಲ್ಲರು. ನನ್ನ ಅಳತೆ ಬೇರೆ. ಅಪಾಯವನ್ನು ಬಲ್ಲವನು ಯಾರು? ಅದರಿಂದ ಗಳಿಸಿದವನು ಯಾರು? ಅದನ್ನು ತಡೆಯುವ ಅಧಿಕಾರ ಇದ್ದದ್ದು ಯಾರಿಗೆ? ಈ ಮೂರಕ್ಕೂ ಒಂದೇ ಹೆಸರು ಉತ್ತರವಾಗಿ ಬಂದರೆ ಹೊಣೆ ಅವನದೇ.

ಆಟಗಾರನಿಗೆ ಅರಿವಿರಲಿಲ್ಲ, ಗಳಿಕೆ ಕೆಲವರಿಗಷ್ಟೇ ಇತ್ತು, ನಿಯಮ ಬದಲಿಸುವ ಅಧಿಕಾರವಂತೂ ಯಾರಿಗೂ ಇರಲಿಲ್ಲ. ತಂದೆತಾಯಿಗಳಿಗೆ ಮೂರೂ ಇಲ್ಲ. ತರಬೇತುದಾರ ಮೇಲಿನವರು ಕೊಟ್ಟ ಪಾಠವನ್ನೇ ಒಪ್ಪಿಸುವವನು. ಪ್ರೇಕ್ಷಕನ ಚಪ್ಪಾಳೆಗೆ ದೋಷವಿದ್ದೀತು, ಆದರೆ ಚಪ್ಪಾಳೆ ನಿಯಮಾವಳಿಯನ್ನು ಬರೆಯುವುದಿಲ್ಲ. ವೈದ್ಯರ ವರದಿಗಳು ಬಂದು ಬೀಳುವುದು ಆಡಳಿತ ಸಂಸ್ಥೆಗಳ ಮೇಜಿಗೆ. ಹಕ್ಕುಗಳ ಹಣ ಹರಿದುಬರುವುದು ಅವುಗಳ ಖಜಾನೆಗೆ. ಆಟದ ನಿಯಮದ ಒಂದೊಂದು ಅಕ್ಷರವೂ ಅವುಗಳ ಲೇಖನಿಯಲ್ಲಿದೆ.

ಆ ಲೇಖನಿ ಹೇಗೆ ಓಡಿದೆ ನೋಡಿ. 2014ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ತಲೆಗೆ ಪೆಟ್ಟು ತಿಂದ ಮೇಲೂ ಸುಮಾರು ಕಾಲು ಗಂಟೆ ಮೈದಾನದಲ್ಲಿಯೇ ಇದ್ದರು. ಇದು ಫೈನಲ್ ಪಂದ್ಯವೇ ಎಂದು ಅವರು ರೆಫರಿಯನ್ನೇ ಕೇಳಿದರು! ಕೋಟ್ಯಂತರ ಜನ ನೋಡುತ್ತಿದ್ದ ಪಂದ್ಯದಲ್ಲಿ, ತಾನೆಲ್ಲಿದ್ದೇನೆಂದು ತಿಳಿಯದವನೊಬ್ಬ ಆಡುತ್ತಿದ್ದ. ಇಷ್ಟಾದ ಮೇಲೂ ತಲೆಪೆಟ್ಟಿಗಾಗಿ ಹೆಚ್ಚುವರಿ ಬದಲಿ ಆಟಗಾರನನ್ನು ಬಿಡುವ ಪ್ರಯೋಗ ಆರಂಭವಾದದ್ದು 2021ರಲ್ಲಿ; ನಿಯಮಾವಳಿಯಲ್ಲಿ ಅದಕ್ಕೆ ಖಾಯಂ ಜಾಗ ಸಿಕ್ಕಿದ್ದು 2024ರಲ್ಲಿ, ಅದೂ ಬೇಕಾದವರು ಅಳವಡಿಸಿಕೊಳ್ಳಬಹುದೆಂಬ ರೂಪದಲ್ಲಿ. ಪೆಟ್ಟು ತಿಂದವನನ್ನು ಹೊರಗೆ ಕರೆದು ಸಾವಧಾನವಾಗಿ ಪರೀಕ್ಷಿಸುವಷ್ಟು ಹೊತ್ತು ತಾತ್ಕಾಲಿಕ ಬದಲಿಯನ್ನು ಬಿಡೋಣ ಎಂದು ಆಟಗಾರರ ಸಂಘಟನೆಗಳು ಕೇಳಿದವು. ಇಂಗ್ಲೆಂಡ್, ಫ್ರಾನ್ಸ್, ಅಮೆರಿಕದ ಲೀಗುಗಳೇ ಪ್ರಯೋಗಕ್ಕೆ ಅನುಮತಿ ಬೇಡಿದವು. ನಿಯಮ ಮಂಡಳಿ 2023ರಲ್ಲಿ ಅದನ್ನು ನಿರಾಕರಿಸಿತು. ಈಗ ಮೈದಾನದ ವೈದ್ಯನ ಮುಂದಿರುವುದು ಎರಡೇ ದಾರಿ: ಒಂದೆರಡು ನಿಮಿಷದಲ್ಲಿ ನಿರ್ಧರಿಸಿ ಆಟಗಾರನನ್ನು ಶಾಶ್ವತವಾಗಿ ಹೊರಹಾಕುವುದು, ಇಲ್ಲವೇ ಆಡಲು ಬಿಡುವುದು. ಸಂದೇಹದ ಲಾಭ ಯಾವ ಕಡೆಗೆ ಹೋಗುತ್ತದೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ.

ಕ್ರಿಕೆಟ್ಟಿನ ಉದಾಹರಣೆ ನಮ್ಮ ಓದುಗರಿಗೆ ಹತ್ತಿರದ್ದು. 1998ರಲ್ಲಿ ಢಾಕಾದಲ್ಲಿ, ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ನನ ಸಮೀಪದಲ್ಲಿ ನಿಂತಿದ್ದ ನಮ್ಮ ರಮಣ್ ಲಾಂಬಾ ತಲೆಗೆ ಚೆಂಡು ಬಡಿದು ಸತ್ತರು. 2014ರಲ್ಲಿ ಆಸ್ಟ್ರೇಲಿಯದ ಫಿಲಿಪ್ ಹ್ಯೂಸ್ ಸತ್ತರು. 2019ರ ಆಗಸ್ಟಿನಿಂದ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ತಲೆಪೆಟ್ಟು ತಿಂದವನ ಬದಲಿಗೆ ಬಂದವನು ಬ್ಯಾಟನ್ನೂ ಹಿಡಿಯಬಹುದು, ಚೆಂಡನ್ನೂ ಎಸೆಯಬಹುದು. ಆ ನಿಯಮದಿಂದ ಕ್ರಿಕೆಟ್ಟಿನ ಮರ್ಯಾದೆಗೇನೂ ಕುಂದುಂಟಾಗಲಿಲ್ಲ. ಆದ್ದರಿಂದ, ನಿಯಮ ಬದಲಾದರೆ ಆಟದ ಸೊಗಸು ಹಾಳಾಗುತ್ತದೆಂಬ ಗೋಳು ನನ್ನ ಮನಸ್ಸಿಗೆ ನಾಟುವುದಿಲ್ಲ.

6

ಇದೆಲ್ಲ ಪರದೇಶದ ಪುರಾಣ, ನಮಗೇಕೆ ಎಂದು ಕೇಳುವವರಿದ್ದಾರೆ. ನಮಗೆ ಇದು ಎರಡು ರೀತಿಯಲ್ಲಿ ಸಂಬಂಧಪಟ್ಟದ್ದು.

ಮೊದಲನೆಯದು, ನಮ್ಮ ಹಿರಿಯ ಆಟಗಾರರು. ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಕೀರ್ತಿ ನಮ್ಮದು. ಆಮೇಲೆ 54 ವರ್ಷ ಕಾದು, 2023ರಲ್ಲಿ ಕರ್ನಾಟಕ ಅದನ್ನು ಮತ್ತೆ ಗೆದ್ದಿತು. ಬೆಂಗಳೂರಿನ ಆಟಗಾರರಿಗೆ ಅನ್ನ ಕೊಟ್ಟದ್ದು ಹೆಚ್ಚಾಗಿ ಎಚ್.ಎ.ಎಲ್., ಐ.ಟಿ.ಐ.ಯಂಥ ಸಾರ್ವಜನಿಕ ಉದ್ಯಮಗಳು ಮತ್ತು ಸರ್ಕಾರಿ ಇಲಾಖೆಗಳು. ಇಲ್ಲೊಂದು ಸೂಕ್ಷ್ಮವಿದೆ. ಕ್ರೀಡಾ ಮೀಸಲಾತಿಯಲ್ಲಿ ಸೇರಿದ ಹುಡುಗ ಹಾಜರಿ ಪುಸ್ತಕದಲ್ಲಿ ಗುಮಾಸ್ತ ಅಥವಾ ಫಿಟ್ಟರ್. ಆದರೆ ಅವನನ್ನು ತೆಗೆದುಕೊಂಡದ್ದು, ಬಡ್ತಿ ಕೊಟ್ಟದ್ದು, ಮಧ್ಯಾಹ್ನದ ಮೇಲೆ ಮೈದಾನಕ್ಕೆ ಕಳುಹಿಸಿದ್ದು ಆಟಕ್ಕಾಗಿ. ಉದ್ಯೋಗದ ಕಾರಣದಿಂದ, ಉದ್ಯೋಗದ ಅವಧಿಯಲ್ಲಿ ಆದ ಹಾನಿಗೆ ಮಾಲೀಕನು ಪರಿಹಾರ ಕೊಡಬೇಕೆಂಬುದು 1923ರ ಕಾರ್ಮಿಕ ಪರಿಹಾರ ಕಾಯಿದೆಯಿಂದ ಬಂದ ತತ್ತ್ವ. ಆ ಕಾಯಿದೆಯ ಜಾಗವನ್ನು 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಆಕ್ರಮಿಸಿದೆ, ತತ್ತ್ವ ಉಳಿದಿದೆ. ಹಾಗಿದ್ದಲ್ಲಿ, ಸಂಸ್ಥೆಯ ಅಂಗಿ ತೊಟ್ಟು ಇಪ್ಪತ್ತು ವರ್ಷ ತಲೆಯಿಂದ ಚೆಂಡು ಹೊಡೆದು, ಅರವತ್ತೈದರಲ್ಲಿ ಮನೆಯ ದಾರಿ ಮರೆತವನ ಉದ್ಯೋಗ ಯಾವುದಾಗಿತ್ತೆಂದು ನಾವು ಬರೆಯಬೇಕು? ಗುಮಾಸ್ತಗಿರಿಯಿಂದ ಯಾರಿಗೂ ಈ ರೋಗ ಬರುವುದಿಲ್ಲವಾದ್ದರಿಂದ ಪರಿಹಾರವಿಲ್ಲ ಎನ್ನೋಣವೇ? ಗೆದ್ದ ದಿನ ಕಪ್ಪನ್ನು ಆಡಳಿತ ನಿರ್ದೇಶಕರ ಕೊಠಡಿಯಲ್ಲಿ ಇಟ್ಟುಕೊಂಡ ಸಂಸ್ಥೆ ಆಟಗಾರನ ರೋಗವನ್ನು ಅವನ ಹೆಂಡತಿಯ ಅಡಿಗೆಮನೆಯಲ್ಲಿ ಬಿಟ್ಟು ಬರಬಾರದು. ಇಲ್ಲಿ ಮಾಲೀಕ ಸರ್ಕಾರವೇ ಆಗಿರುವುದರಿಂದ, ಸರ್ಕಾರದ ಸಂಬಳ ತಿನ್ನುವ ನಾನು ಇದನ್ನು ಹೇಳಲೇಬೇಕು.

ಎರಡನೆಯದು, ನಮ್ಮ ಮಕ್ಕಳು. ದೆಹಲಿಯಲ್ಲಿ 1960ರಿಂದ ಶಾಲಾ ಮಕ್ಕಳಿಗಾಗಿ ಸುಬ್ರೊತೊ ಕಪ್ ನಡೆದುಬಂದಿದೆ. ಈಗಂತೂ ಬಡಾವಣೆಗೊಂದು ತರಬೇತಿ ಶಿಬಿರ. ಅಂಥ ಕೆಲವು ಶಿಬಿರಗಳ ಅಂಚಿನಲ್ಲಿ ನಾನು ನಿಂತು ನೋಡಿದ್ದೇನೆ, ಹೆಸರು ಬೇಡ. ಎಂಟು ಒಂಬತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎದುರಿನಿಂದ ಚೆಂಡೆಸೆದು, ಕಣ್ಣು ಮುಚ್ಚದೆ ಹಣೆ ಕೊಡಬೇಕೆಂದು ಗದರಿಸುತ್ತಾರೆ. ಹೆದರಿದವನಿಗೆ "ಹೇಡಿ" ಎಂಬ ಬಿರುದು. ಎಷ್ಟು ಸಲವೆಂದು ಲೆಕ್ಕವಿಟ್ಟವರನ್ನು ನಾನು ಕಾಣೆ. ಅಮೆರಿಕದ ಸಾಕರ್ ಸಂಸ್ಥೆ, ಪೋಷಕರು ಮೊಕದ್ದಮೆ ಹೂಡಿದ ಮೇಲೆ, 2015ರಲ್ಲಿಯೇ ಹತ್ತು ವರ್ಷ ಮತ್ತು ಅದಕ್ಕೂ ಕಿರಿಯ ಮಕ್ಕಳು ತಲೆಯಿಂದ ಚೆಂಡು ಹೊಡೆಯುವುದನ್ನು ನಿಷೇಧಿಸಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲಾ ವಯಸ್ಸಿನ ಮಕ್ಕಳ ತರಬೇತಿಯಿಂದ ಅದನ್ನು ತೆಗೆದುಹಾಕಿದವು. 2021ರಲ್ಲಿ ಇಂಗ್ಲೆಂಡಿನ ವೃತ್ತಿಪರ ವಯಸ್ಕರಿಗೂ ತರಬೇತಿಯಲ್ಲಿ ವಾರಕ್ಕೆ ಹತ್ತು ಬಿರುಸಿನ ತಲೆಹೊಡೆತಗಳ ಮಿತಿ ಬಂತು. ಮಿತಿ ಹಾಕಿದವನು ಅಪಾಯವನ್ನು ಒಪ್ಪಿಕೊಂಡಂತೆಯೇ ಸರಿ. ಅಲ್ಲಿನ ಪಳಗಿದ ಆಳಿಗೆ ವಾರಕ್ಕೆ ಹತ್ತು. ನಮ್ಮ ಮೂರನೆಯ ತರಗತಿಯ ಕೂಸಿಗೆ ಒಂದು ಬೆಳಿಗ್ಗೆಗೇ ಮೂವತ್ತೇ?

ವೃತ್ತಿಪರರ ಅಂಕಿಗಳನ್ನು ಮಕ್ಕಳಿಗೆ ಇದ್ದಂತೆಯೇ ಅನ್ವಯಿಸಲಾಗದೆಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದರಿಂದ ಹೊರಡುವ ತೀರ್ಮಾನವೇನು? ಮಕ್ಕಳ ಕತ್ತು ಸಣ್ಣದು, ತಲೆ ದೇಹಕ್ಕೆ ಹೋಲಿಸಿದರೆ ಭಾರ, ಮಿದುಳು ಇನ್ನೂ ಬೆಳೆಯುತ್ತಿರುವ ವಸ್ತು. ಒಂದೆಡೆ ಹತ್ತರ ಒಳಗಿನ ಮಗುವಿಗೆ ತಲೆಹೊಡೆತ ಕಲಿಸದಿದ್ದರೆ ಆಗುವ ನಷ್ಟ ಏನೂ ಇಲ್ಲ. ಅದನ್ನು ಹದಿನಾರರಲ್ಲಿಯೂ ಕಲಿಯಬಹುದು. ಇನ್ನೊಂದೆಡೆ ಕಲಿಸಿದರೆ ಆಗಬಹುದಾದ ನಷ್ಟವನ್ನು ಮರಳಿ ತುಂಬಿಕೊಡುವ ಖಜಾನೆ ಯಾವ ಸರ್ಕಾರದಲ್ಲಿಯೂ ಇಲ್ಲ. ಇಂಥ ತಕ್ಕಡಿಯ ಮುಂದೆ ನಿಂತು, ಇನ್ನೂ ಸಾಕ್ಷ್ಯ ಬರಲಿ ಎನ್ನುವವನು ಮಗುವಿನ ತಲೆಯನ್ನು ಪ್ರಯೋಗಶಾಲೆಯಾಗಿ ಮಾಡಿಕೊಂಡಿದ್ದಾನೆಂದೇ ಹೇಳಬೇಕಾಗುತ್ತದೆ.

7

ನನ್ನ ಬೇಡಿಕೆಗಳು ಬಹಳ ಇಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳ ತರಬೇತಿಯಲ್ಲಿ ತಲೆಹೊಡೆತ ಸಂಪೂರ್ಣ ನಿಲ್ಲಬೇಕು. ಅದಕ್ಕೆ ಮೇಲ್ಪಟ್ಟವರಿಗೆ ವಾರದ ಮಿತಿಯಿರಬೇಕು, ಆ ಲೆಕ್ಕ ಬರವಣಿಗೆಯಲ್ಲಿರಬೇಕು. ತಲೆಗೆ ಪೆಟ್ಟು ತಿಂದವನು ಅಂದು ಮತ್ತೆ ಆಡಕೂಡದು. ಆಡಿಸಬೇಕೋ ಬೇಡವೋ ಎಂಬ ನಿರ್ಧಾರ ಗೆಲುವಿನ ಹಂಬಲವಿಲ್ಲದ ವೈದ್ಯನದಾಗಬೇಕು. ಕ್ರೀಡಾ ಮೀಸಲಾತಿಯಲ್ಲಿ ಆಟಗಾರರನ್ನು ನೇಮಿಸಿಕೊಂಡ ಪ್ರತಿಯೊಂದು ಇಲಾಖೆಯೂ ಉದ್ಯಮವೂ ತನ್ನ ಮಾಜಿ ಆಟಗಾರರ ಪಟ್ಟಿ ಮಾಡಿ, ಅವರ ಆರೋಗ್ಯವನ್ನು ವಿಚಾರಿಸಿ, ರೋಗಿಗಳಾದವರ ಆರೈಕೆಯ ವೆಚ್ಚವನ್ನು ಹೊರಬೇಕು. ವೃತ್ತಿರೋಗಗಳ ಅನುಸೂಚಿಯಲ್ಲಿ ತಲೆಪೆಟ್ಟಿನಿಂದ ಬರುವ ನರಕ್ಷಯಕ್ಕೂ ಒಂದು ಸಾಲು ದೊರೆಯಬೇಕು. ಈ ಯಾವುದಕ್ಕೂ ಹೊಸ ಸಂಶೋಧನೆ ಬೇಕಾಗಿಲ್ಲ. ಹಳೆಯ ನ್ಯಾಯಬುದ್ಧಿ ಇದ್ದರೆ ಸಾಕು.

ಸರ್ಕಾರ ಮತ್ತು ಸಂಸ್ಥೆಗಳು ಏಳುವವರೆಗೆ ನಾವು ಕಾದು ಕೂರಬೇಕಾಗಿಯೂ ಇಲ್ಲ. ಹೊರನಾಡಿನ ನಮ್ಮ ಕನ್ನಡ ಸಂಘಗಳು ಮಕ್ಕಳಿಗಾಗಿ ಕ್ರೀಡಾಕೂಟಗಳನ್ನು ನಡೆಸುತ್ತವೆ. ನಮ್ಮ ಸದಸ್ಯರ ಮಕ್ಕಳು ನಗರದ ಹತ್ತಾರು ಶಿಬಿರಗಳಿಗೆ ಶುಲ್ಕ ಕಟ್ಟಿ ಹೋಗುತ್ತಾರೆ. ಶುಲ್ಕದ ರಸೀತಿ ಪಡೆಯುವಾಗ ತರಬೇತುದಾರರನ್ನು ಒಂದು ಮಾತು ಕೇಳಿರಿ: ನನ್ನ ಮಗುವಿನ ತಲೆಗೆ ವಾರಕ್ಕೆ ಎಷ್ಟು ಸಲ ಚೆಂಡು ತಾಗಿಸುತ್ತೀರಿ, ಪೆಟ್ಟಾದರೆ ಯಾರು ನೋಡುತ್ತಾರೆ? ಉತ್ತರವನ್ನು ಬರವಣಿಗೆಯಲ್ಲಿ ಕೇಳಿರಿ. ಬರೆದುಕೊಡಲು ಹಿಂಜರಿದರೆ ಮಗುವನ್ನು ಬೇರೊಂದು ಶಿಬಿರಕ್ಕೆ ಸೇರಿಸಿರಿ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯೂ ಮುಂದಿನ ಕ್ರೀಡಾಕೂಟಕ್ಕೆ ಮೊದಲು ಈ ವಿಷಯವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ ನಿರ್ಣಯ ಕೈಗೊಳ್ಳಲಿ ಎಂದು ಈ ಮೂಲಕ ಒತ್ತಾಯಿಸುತ್ತೇನೆ. ಮುಂದೆಂದೋ ಒಂದು ದಿನ, ನಮಗೆ ಯಾರೂ ಹೇಳಲಿಲ್ಲ ಎಂದು ಸಮಿತಿಯ ಯಾವ ಸದಸ್ಯರೂ ಅನ್ನದಂತೆ ಅದು ಬರವಣಿಗೆಯಲ್ಲಿಯೇ ಇರಲಿ.